ಬುಧವಾರ ಸಂಜೆಯ ಎರಡು ನಿಮಿಷ

ಆ ಮನೆಯಲ್ಲಿ ನಾಲ್ಕು ಜನ, ಬಾಯಿ ಮಾತ್ರ ಒಂದೇ. ಅದು ಅತ್ತೆಯದು. ಹಾಲಿನವನ ಜೊತೆ ಜಗಳ, ಮನೆ ಮಾಲೀಕನ ಜೊತೆ ರಾಜಿ, ಗ್ಯಾಸಿನವನಿಗೆ ತಾಕೀತು, ಮೊಮ್ಮಗಳ ಟೀಚರಿಗೆ ಸಮಜಾಯಿಷಿ, ಎಲ್ಲವೂ ಆ ಒಂದೇ ಬಾಯಿಂದ ನಡೆಯಬೇಕು. ಮಗ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವನು. ಮನೆಗೆ ಬಂದರೆ 'ಹೂಂ', 'ಊಹೂಂ' ಎರಡರಲ್ಲೇ ದಿನ ದೂಡುವ ಪುಣ್ಯಾತ್ಮ. ಹದಿನಾರರ ಮೊಮ್ಮಗಳಿಗೆ ಅಜ್ಜಿಯ ನಾಲಿಗೆಯೇನೋ ಬಂದಿತ್ತು, ಆದರೆ ಅಜ್ಜಿಯ ಎದುರು ಅದಕ್ಕೆ ಸರದಿ ಸಿಗಬೇಕಲ್ಲ!

ಇನ್ನು ಸೊಸೆ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಅಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತಣ್ಣಕ್ಕ ಎಂದು. ಇಸ್ತ್ರಿ ಮೆಷೀನಿನ ಬಿಸಿ ಉರುಳೆಯ ಮುಂದೆ ದಿನವಿಡೀ ನಿಂತೂ ತುಟಿ ಪಿಟಕ್ಕೆನ್ನದ ಹೆಂಗಸಿಗೆ ಇನ್ನೇನು ಹೆಸರಿಟ್ಟಾರು? ಆ ಲಾಂಡ್ರಿಯಲ್ಲಿ ಮಾತಾಡಿದರೂ ಕೇಳಿಸುವಂತಿರಲಿಲ್ಲ. ಆರು ಒಗೆಯುವ ಡ್ರಮ್ಮುಗಳು ಒಟ್ಟಿಗೆ ತಿರುಗುವಾಗ ಅಲ್ಲಿ ಕೈಯೇ ಬಾಯಿ. ಎರಡು ಬೆರಳೆತ್ತಿದರೆ 'ನಿಧಾನ'. ಅಂಗೈ ಅಡ್ಡ ಹಿಡಿದರೆ 'ಸಾಕು, ಇನ್ನು ಹಾಕಬೇಡ'. ತಲೆಯ ಮೇಲೆ ಕೈಯಿಟ್ಟರೆ 'ಮೆಷೀನು ನಿಲ್ಲಿಸು'. ಎಂಟು ಗಂಟೆ ಹೀಗೆ ಕಳೆದು ಮನೆಗೆ ಬಂದರೆ ಅಲ್ಲಿ ಅತ್ತೆ. ಪಾಪ, ಅವಳ ನಾಲಿಗೆಗೆ ಊಟದ ರುಚಿ ನೋಡುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಲಾಂಡ್ರಿಗೆ ಹೊಸ ಸೂಪರ್‌ವೈಸರ್ ಬೇಕಾಗಿತ್ತು. ಕೆಲಸ ಅವಳಷ್ಟು ಬಲ್ಲವರು ಅಲ್ಲಿ ಯಾರೂ ಇಲ್ಲ ಎಂಬುದು ಡ್ರಮ್ಮುಗಳಿಗೂ ಗೊತ್ತು. ಆದರೆ ಇಂಟರ್‌ವ್ಯೂನಲ್ಲಿ ಐದು ಜನರ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು. ಹಿಂದೆ ಎರಡು ಸಲ ಹೋಗಿದ್ದಳು. ಮೊದಲ ಸಲ ಗಂಟಲಿಂದ ಸ್ವರ ಬರಲಿಲ್ಲ. ಎರಡನೆಯ ಸಲ "ನಿಮ್ಮ ಬಗ್ಗೆ ಹೇಳಿ" ಎಂದಾಗ ಒಂದು ನಿಮಿಷ ಸುಮ್ಮನೆ ನಿಂತು, ಕೊನೆಗೆ ತನಗೇ ತಿಳಿಯದಂತೆ ಕೈಯೆತ್ತಿ ತಲೆಯ ಮೇಲಿಟ್ಟುಕೊಂಡಿದ್ದಳು. ಐದು ಜನವೂ ನಕ್ಕಿದ್ದರು. ಆ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೂರನೆಯ ಇಂಟರ್‌ವ್ಯೂಗೆ ಇನ್ನು ಎಂಟು ವಾರವಿತ್ತು. ನಲವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ. ಅವಳಿಗೆ ನಲವತ್ತನಾಲ್ಕು ತುಂಬಿ ಹತ್ತು ತಿಂಗಳಾಗಿತ್ತು. ಈ ಸಲ ಇಲ್ಲದಿದ್ದರೆ ಇನ್ನಿಲ್ಲ.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಗಳು ಮಾತು ತೆಗೆದಳು. "ಅಮ್ಮ, ಲೈಬ್ರರಿ ಗೋಡೆ ಮೇಲೆ ಒಂದು ಚೀಟಿ ಅಂಟಿಸಿದಾರೆ. ಮಾತಿನ ಕ್ಲಬ್ ಅಂತೆ. ನಾಲ್ಕು ಜನರ ಮುಂದೆ ಮಾತಾಡೋ ಅಭ್ಯಾಸ ಮಾಡಿಸ್ತಾರಂತೆ. ಪ್ರತಿ ಬುಧವಾರ ಸಂಜೆ."

"ಮಾತಾಡೋಕೂ ಕ್ಲಬ್ಬಾ?" ಅತ್ತೆ ತಟ್ಟೆಯಿಂದ ತಲೆಯೆತ್ತಿದರು. "ನಾಳೆ ಉಸಿರಾಡೋಕೂ ಒಂದು ತೆಗೀತಾರೆ ನೋಡು. ಇವಳಿಗ್ಯಾಕೆ ಅದೆಲ್ಲ? ಬೇಕಾದ್ದು ಬೇಡದ್ದು ಎಲ್ಲ ನಾನು ಹೇಳ್ತಿಲ್ವಾ?"

"ಇಂಟರ್‌ವ್ಯೂಗೂ ನೀನೇ ಹೋಗ್ತೀಯಾ ಅಜ್ಜಿ?"

"ಕರೆದ್ರೆ ಹೋಗ್ತೀನಿ. ನನಗೇನು ಭಯ?"

ಗಂಡ ಆಲೂಗಡ್ಡೆ ಪಲ್ಯವನ್ನು ಅನ್ನಕ್ಕೆ ಕಲಸುತ್ತ ಆ ವಾರದ ತನ್ನ ಅತಿ ಉದ್ದದ ಮಾತಾಡಿದ. "ಬುಧವಾರ ಸಂಜೆ ಅಡುಗೆ ಯಾರು ಮಾಡೋದು?"

"ನೀವು," ಅಂದಳು ತಣ್ಣಕ್ಕ.

ಮೂರು ಕೈಗಳೂ ತಟ್ಟೆಯಲ್ಲಿ ನಿಂತವು. ಅವಳು ಎದ್ದು ನೀರು ತರಲು ಹೋದಳು.

ಕ್ಲಬ್ಬು ಸೇರುತ್ತಿದ್ದದ್ದು ಲೈಬ್ರರಿಯ ಮಹಡಿಯಲ್ಲಿ, ಮಕ್ಕಳ ಪುಸ್ತಕದ ಕೋಣೆಯಲ್ಲಿ. ಅಲ್ಲಿದ್ದದ್ದೆಲ್ಲ ಮಕ್ಕಳ ಕುರ್ಚಿಗಳೇ. ಹನ್ನೊಂದು ಜನ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ನಡೆಸುತ್ತಿದ್ದವರು ರಿಟೈರಾದ ಒಬ್ಬ ಪೋಸ್ಟ್‌ಮ್ಯಾನ್. ಅವರ ಕಾನೂನು ಚಿಕ್ಕದು: ಒಬ್ಬೊಬ್ಬರಿಗೆ ಎರಡು ನಿಮಿಷ, ಮುಗಿದರೆ ಗಂಟೆ. ತಪ್ಪಾದರೂ ಚಪ್ಪಾಳೆ. ಆಡುವವರ ಮಾತಿನ ಮಧ್ಯೆ ಬೇರೆ ಯಾರೂ ಬಾಯಿ ಹಾಕುವಂತಿಲ್ಲ. ಈ ಕೊನೆಯದನ್ನು ಕೇಳಿ ತಣ್ಣಕ್ಕನಿಗೆ, ಇಂಥ ಜಾಗವೂ ಭೂಮಿಯ ಮೇಲೆ ಉಂಟೇ ಎನಿಸಿತು.

ಅವಳು ಮನೆಯಲ್ಲಿ ಅಭ್ಯಾಸ ಮಾಡುವಂತಿರಲಿಲ್ಲ. ಹಾಗಾಗಿ ವಾರವಿಡೀ ಲಾಂಡ್ರಿಯಲ್ಲಿ, ಡ್ರಮ್ಮುಗಳ ಗದ್ದಲದ ನಡುವೆ ಬೆಡ್‌ಶೀಟುಗಳಿಗೆ ಭಾಷಣ ಮಾಡಿದ್ದಳು. ಸರದಿ ಬಂದಾಗ ಎದ್ದು ನಿಂತು, ಅದೇ ಅಳತೆಯಲ್ಲಿ ಬಾಯಿ ತೆರೆದಳು.

"ನಾನು ಆಸ್ಪತ್ರೆ ಲಾಂಡ್ರಿಲಿ ಕೆಲಸ ಮಾಡ್ತೀನಿ!"

ಕಿಟಕಿಯ ಗಾಜು ಅದುರಿತು. ಕೆಳಗಿನಿಂದ ಲೈಬ್ರರಿಯವನು ಏನಾಯಿತೋ ಎಂದು ಮೆಟ್ಟಿಲು ಹತ್ತಿ ಓಡಿಬಂದ. ತಣ್ಣಕ್ಕ ದೊಪ್ಪನೆ ಕೂತಳು. ಅಲ್ಲಿಗೆ ಅವಳ ಎರಡು ನಿಮಿಷ ಮುಗಿದಿತ್ತು.

"ಒಳ್ಳೇದಾಯ್ತು ಬಿಡಮ್ಮ," ಅಂದರು ಪೋಸ್ಟ್‌ಮ್ಯಾನ್, "ಕೆಳಗಿನವರಿಗೂ ಗೊತ್ತಾಯ್ತು. ಚಪ್ಪಾಳೆ ಹೊಡೀರಪ್ಪ."

ಅವಳ ನಂತರ ಎದ್ದವಳು ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ ಕೊಡುವ ಹೆಂಗಸು. ಗಾಜಿನ ಹಿಂದೆ ಕೂತು, ಅಂಗೈಯಗಲದ ತೂತಿನಲ್ಲಿ ಕೈಗಳನ್ನಷ್ಟೇ ನೋಡಿ ಇಪ್ಪತ್ತು ವರ್ಷ ಕಳೆದವಳು. ಜನರ ಮುಖ ನೋಡಿದರೆ ಅವಳಿಗೆ ಮಾತು ಹಾರಿಹೋಗುತ್ತಿತ್ತು. ತಲೆ ಬಗ್ಗಿಸಿ, ಮೇಜಿನ ಜೊತೆ ಮಾತಾಡಿ ಕೂತಳು. ಕೂತವಳೇ ತಣ್ಣಕ್ಕನ ಕಡೆ ಬಾಗಿದಳು.

"ನಿನ್ನ ದನಿ ಅರ್ಧ ನನಗೆ ಕೊಡು. ಇಬ್ಬರಿಗೂ ಸರಿಹೋಗುತ್ತೆ."

ತಣ್ಣಕ್ಕ ನಕ್ಕಳು. ಮನೆಯ ಹೊರಗೆ ಯಾರ ಜೊತೆಗಾದರೂ ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ ಅವಳಿಗೆ ನೆನಪಿಲ್ಲ. ಮನೆಗೆ ಬಂದರೆ ಪಲ್ಯ ಸೀದಿತ್ತು, ಅನ್ನ ಮುದ್ದೆಯಾಗಿತ್ತು. ಗಂಡ ಅಡುಗೆಮನೆ ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತಿದ್ದ. ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಅಂದಿನಿಂದ ಡ್ಯೂಟಿ ಮುಗಿಸಿ ಬರುವಾಗ ಅವಳು ಥಿಯೇಟರಿನ ದಾರಿ ಹಿಡಿದಳು. ಆಟ ಶುರುವಾಗಿ ಕಿಟಕಿ ಖಾಲಿಯಾದ ಹೊತ್ತಿಗೆ ಒಂದು ಟೀ ತರಿಸಿ ಎರಡು ಲೋಟಕ್ಕೆ ಹಾಕಿಕೊಳ್ಳುತ್ತಿದ್ದರು. ಮೊದಲು ತಣ್ಣಕ್ಕ ಗಾಜಿನ ತೂತಿನಲ್ಲಿ ಮೆಲ್ಲಗೆ ಮಾತಾಡಬೇಕು. ಆಮೇಲೆ ಟಿಕೆಟ್ಟಿನವಳು ಹೊರಗೆ ಬಂದು ಅವಳ ಮುಖ ನೋಡಿ ಮಾತಾಡಬೇಕು. ಒಬ್ಬಳು "ಜೋರಾಯ್ತು" ಅನ್ನುವಳು, ಇನ್ನೊಬ್ಬಳು "ತಲೆ ಎತ್ತು" ಅನ್ನುವಳು. ನಾಲ್ಕನೆಯ ವಾರದ ಹೊತ್ತಿಗೆ ಇಬ್ಬರೂ ಭಾಷಣ ಬಿಟ್ಟು ಊರ ಮೇಲಿನ ಮಾತೆಲ್ಲ ಆಡತೊಡಗಿದ್ದರು. ಟಿಕೆಟ್ಟಿನವಳೇ ಒಂದು ದಿನ ಅಂದಳು, "ಆ ಹಲ್ಲಿನ ಕಥೆ ಹೇಳಿದೆಯಲ್ಲ, ಅದನ್ನ ಕ್ಲಬ್ಬಲ್ಲಿ ಹೇಳೇ. ಬಿದ್ದು ಬಿದ್ದು ನಗ್ತಾರೆ."

ಹಲ್ಲಿನ ಕಥೆ ಆರು ವರ್ಷ ಹಳೆಯದು. ತಣ್ಣಕ್ಕನಿಗೆ ದವಡೆ ಊದಿ, ಅತ್ತೆ ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. "ಯಾವ ಹಲ್ಲು?" ಎಂದು ಡಾಕ್ಟರು ಕೇಳಿದ್ದು ತಣ್ಣಕ್ಕನನ್ನು, ಉತ್ತರ ಕೊಟ್ಟದ್ದು ಅತ್ತೆ. "ಮೇಲಿಂದು, ಕೊನೇದು, ಮೂರು ದಿನದಿಂದ ನಿದ್ದೆ ಇಲ್ಲ ಇವಳಿಗೆ." ಡಾಕ್ಟರು ಮೇಲಿನ ಕೊನೆಯ ಹಲ್ಲನ್ನೇ ಕಿತ್ತರು. ನೋಯುತ್ತಿದ್ದದ್ದು ಕೆಳಗಿನದು. ಇದನ್ನು ಹೇಳಲು ತಣ್ಣಕ್ಕನಿಗೆ ಮತ್ತೆ ಮೂರು ದಿನ ಹಿಡಿದಿತ್ತು. ಆ ಬುಧವಾರ ಅವಳು ಇದನ್ನೆಲ್ಲ ಒಂದೂ ಬಿಡದೆ ಹೇಳಿದಳು. "ಹೀಗೆ ನಾನು ಮಾತಾಡದೆ ಇದ್ದದ್ದಕ್ಕೆ ಒಂದು ಒಳ್ಳೆ ಹಲ್ಲು ತೆತ್ತೆ" ಎಂದು ಮುಗಿಸಿದಾಗ, ಮಕ್ಕಳ ಕುರ್ಚಿಯೊಂದರ ಕಾಲು ನಗುವವನ ಭಾರಕ್ಕೆ ಮುರಿಯಿತು. ಗಂಟೆ ಹೊಡೆಯುವುದನ್ನೂ ಪೋಸ್ಟ್‌ಮ್ಯಾನ್ ಮರೆತಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶನಿವಾರ ತರಕಾರಿ ಅಂಗಡಿಯಲ್ಲಿ ಪೋಸ್ಟ್‌ಮ್ಯಾನ್ ಅತ್ತೆಯನ್ನು ಕಂಡರು. ಮೂವತ್ತು ವರ್ಷ ಆ ಬೀದಿಗೆ ಕಾಗದ ಹಂಚಿದವರು, ಪರಿಚಯ ಇದ್ದೇ ಇತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ನಿಮ್ಮ ಸೊಸೆ ಏನು ಮಾತಾಡ್ತಾರಮ್ಮ! ನೀವು ತಪ್ಪು ಹಲ್ಲು ಕೀಳಿಸಿದ್ದನ್ನ ಹೇಳಿ ನಮ್ಮನ್ನೆಲ್ಲ ನಗಿಸಿ ನಗಿಸಿ ಸಾಕುಮಾಡಿದ್ರು."

ಅತ್ತೆ ಬದನೆಕಾಯಿಯನ್ನು ಬುಟ್ಟಿಗೆ ವಾಪಸ್ ಹಾಕಿ ಮನೆಗೆ ಬಂದರು.

"ನನ್ನ ಮಾನ ಬೀದಿಗೆ ಹಾಕಿದ್ಯಲ್ಲೇ!" ಚೀಲ ಇಳಿಸುವ ಮೊದಲೇ ಶುರುವಾಯಿತು. "ಇಪ್ಪತ್ತು ವರ್ಷ ನಿನಗೋಸ್ಕರ ಗಂಟಲು ಹರ್ಕೊಂಡೆ. ನಿನ್ನ ಬಾಣಂತನದಲ್ಲಿ ನರ್ಸುಗಳ ಜೊತೆ ಕಿತ್ತಾಡಿದ್ದು ಯಾರು? ನಿನ್ನ ರಜಾ ಚೀಟಿಗೆ ಆಫೀಸಿಗೆ ಅಲೆದೋಳು ಯಾರು? ಅದನ್ನ ಹೇಳಿದ್ಯಾ ನಿನ್ನ ಕ್ಲಬ್ಬಲ್ಲಿ? ಹಲ್ಲೊಂದೇ ಕಾಣಿಸ್ತಾ?"

"ಅತ್ತೆ, ಅದು ನಡೆದದ್ದೇ ಅಲ್ವಾ?"

"ಎದುರುತ್ತರ ಬೇರೆ! ಇದಕ್ಕಾ ಅಲ್ಲಿಗೆ ಹೋಗೋದು?"

"ಅಮ್ಮ, ಹೋಗ್ಲಿ ಬಿಡು," ಅಂದ ಮಗ.

"ನೀನು ಸುಮ್ನಿರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಮುಗೀತು. ಇನ್ನು ಈ ಮನೇಲಿ ನನ್ನ ಬಾಯಿಂದ ಒಂದು ಮಾತು ಬಂದ್ರೆ ಕೇಳಿ!"

ನಿಜವಾಗಿಯೂ ಬರಲಿಲ್ಲ. ಭಾನುವಾರ ಹಾಲಿನವನು ಅರ್ಧ ಲೀಟರ್ ಕಡಿಮೆ ಸುರಿದು ಹೋದ. ಸೋಮವಾರ ಗ್ಯಾಸ್ ಮುಗಿಯಿತು. ಗಂಡ ಫೋನು ಹಿಡಿದು "ಹಲೋ... ಗ್ಯಾಸು... ಹೂಂ... ಊಹೂಂ..." ಎನ್ನುವಷ್ಟರಲ್ಲಿ ಆ ಕಡೆಯವರು ಇಟ್ಟೇಬಿಟ್ಟರು. ಎಲ್ಲರೂ ರಾತ್ರಿ ಬ್ರೆಡ್ಡು, ಬಾಳೆಹಣ್ಣು ತಿಂದರು. ಮಂಗಳವಾರ ಬೆಳಗ್ಗೆ ಮನೆ ಮಾಲೀಕ ಬಂದು, ಸೋರುವ ಕೊಳಾಯಿ ಬಾಡಿಗೆದಾರರೇ ಸರಿಮಾಡಿಸಬೇಕು ಎಂದು ಉಪದೇಶ ಮಾಡಿದ. ಅತ್ತೆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ಒಳಗಿಂದ ಕುದಿಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು, ಆದರೆ ಬಾಯಿಗೆ ಹಾಕಿದ ಬೀಗ ತೆಗೆಯಲಿಲ್ಲ.

ತಣ್ಣಕ್ಕನಿಗೆ ಕ್ಲಬ್ಬು ಬಿಟ್ಟುಬಿಡೋಣ ಎನಿಸದೆ ಇರಲಿಲ್ಲ. ಅವತ್ತು ಸಂಜೆ ಥಿಯೇಟರಿನ ಕಿಟಕಿಯ ಮುಂದೆ ನಿಂತು ಅಂದೇಬಿಟ್ಟಳು. ಟಿಕೆಟ್ಟಿನವಳು ಹೊರಗೆ ಬಂದು, ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಬಿಡು. ಇಂಟರ್‌ವ್ಯೂಗೆ ಮೂರು ವಾರ ಇದೆ. ಅಲ್ಲಿ ಮತ್ತೆ ತಲೆ ಮೇಲೆ ಕೈಯಿಟ್ಕೊ. ಆಮೇಲೆ ಜೀವನಪೂರ್ತಿ ಹಾಗೇ ಇಟ್ಕೊಂಡಿರು."

ತಲೆಯ ಮೇಲೆ ಕೈಯಿಟ್ಟ ಸಂಗತಿಯನ್ನು ಅವಳು ಹೇಳಿದ್ದು ಈ ಒಬ್ಬಳಿಗೇ. ಹೇಳಿ ಇನ್ನೂ ನಾಲ್ಕೇ ದಿನವಾಗಿತ್ತು. ಮಾತು ಚುಚ್ಚಿತು, ಬೇಕಾದಲ್ಲೇ ಚುಚ್ಚಿತು.

ಅವಳು ಮನೆಗೆ ಬಂದವಳೇ ಗ್ಯಾಸಿನವರಿಗೆ ಫೋನು ಮಾಡಿದಳು. ನಾಳೆ ಬೆಳಗ್ಗೆ ಎಂಟಕ್ಕೆ ಸಿಲಿಂಡರ್ ಬರಬೇಕು, ಬರದಿದ್ದರೆ ಯಾರಿಗೆ ದೂರು ಕೊಡಬೇಕೋ ಅವರ ನಂಬರು ಕೊಡಿ ಎಂದಳು. ಮಾಲೀಕನ ಮನೆಯ ಬಾಗಿಲು ತಟ್ಟಿ, ಕೊಳಾಯಿ ನಿಮ್ಮದು, ರಿಪೇರಿಯೂ ನಿಮ್ಮದು ಎಂದಳು. ಆಮೇಲೆ ಅತ್ತೆಯ ಎದುರು ಬಂದು ನೆಲದ ಮೇಲೆ ಕೂತಳು.

"ಅತ್ತೆ, ಹಲ್ಲಿನ ಕಥೆ ಹೇಳಿದ್ದು ತಪ್ಪು ಅಂತ ನಾನು ಅನ್ನಲ್ಲ. ನಿಮ್ಮ ಕಡೆಯ ಮಾತು ಹೇಳದೆ ಬಿಟ್ಟೆ, ಅದು ತಪ್ಪು. ನಾಳೆ ನೀವೂ ಬನ್ನಿ. ನಿಮ್ಮ ಮಾತು ನೀವೇ ಹೇಳಿ. ಎರಡು ನಿಮಿಷ ಯಾರೂ ನಡುವೆ ಬಾಯಿ ಹಾಕಲ್ಲ."

ಅತ್ತೆಯ ಬೀಗ ಅಲ್ಲಿಗೆ ಒಡೆಯಿತು. "ನಾನಾ? ನನಗೆ ಮಾತು ಕಲಿಸ್ತಾರಾ ಅವರು? ಬರ್ತೀನಿ ನಡಿ. ಎರಡು ನಿಮಿಷ ನನಗೆ ಯಾವ ಮೂಲೆಗೆ?"

ಬುಧವಾರ ಅವರು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದರು. ಪೋಸ್ಟ್‌ಮ್ಯಾನ್ ಕೈಮುಗಿದು, "ನಿಮ್ಮ ಬಗ್ಗೆ ಹೇಳಿ ಅಮ್ಮ" ಎಂದರು. ಅತ್ತೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನನ್ನ ಮಗ ಡಿಪೋದಲ್ಲಿದಾನೆ. ಮೊಮ್ಮಗಳು ಓದೋದ್ರಲ್ಲಿ ಜಾಣೆ, ಲೆಕ್ಕ ಒಂದು ಸ್ವಲ್ಪ... ಇವಳು ನನ್ನ ಸೊಸೆ, ಇವಳ ಹಲ್ಲು..."

ಪೋಸ್ಟ್‌ಮ್ಯಾನ್ ಬಾಯಿ ತೆರೆಯದೆ ಅವರ ಕಡೆಗೇ ಬೆರಳು ತೋರಿಸಿದರು.

"ಅದೇ ಹೇಳ್ತಿದೀನಲ್ಲಪ್ಪ. ನಾನು..." ಅಂದರು ಅತ್ತೆ. ಮತ್ತೊಮ್ಮೆ "ನಾನು" ಅಂದರು. ಹನ್ನೆರಡು ಮುಖಗಳು ಅವರನ್ನೇ ನೋಡುತ್ತಿದ್ದವು, ಯಾರೂ ನಡುವೆ ಬಾಯಿ ಹಾಕಲಿಲ್ಲ. ಎಲ್ಲರ ಪರವಾಗಿಯೂ ನಲವತ್ತೈದು ವರ್ಷ ಮಾತಾಡಿದ ಆ ಬಾಯಿಗೆ ತನ್ನ ಬಗ್ಗೆ ಒಂದು ವಾಕ್ಯ ಸಿಗಲಿಲ್ಲ. ತಣ್ಣಕ್ಕನಿಗೆ ಸಂಕಟವಾಯಿತು. ಅತ್ತೆ ಸೋಲುವುದನ್ನು ನೋಡಬೇಕೆಂದು ಒಳಗೊಳಗೇ ಆಸೆಪಟ್ಟಿದ್ದಳೇನೋ, ನೋಡಿದ ಮೇಲೆ ಬೇಡವಾಗಿತ್ತು. ಎದ್ದು ಹೋಗಿ ಏನಾದರೂ ಹೇಳಿಬಿಡಲೇ ಎಂದು ಬಾಯಿ ತುದಿಯವರೆಗೆ ಬಂದದ್ದನ್ನು ತಡೆದುಕೊಂಡಳು. ಗಂಟೆ ಹೊಡೆಯಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಟಿಕೆಟ್ಟಿನವಳು.

ಮನೆಯ ಅರ್ಧ ದಾರಿ ನಡೆದಾಗಿತ್ತು. ಬೇಕರಿಯ ಮೂಲೆ ತಿರುಗಿದ ಮೇಲೆ ಅತ್ತೆ ತಾವಾಗಿಯೇ ಶುರುಮಾಡಿದರು.

"ನಿನ್ನ ಮಾವ ಹೋದಾಗ ನನಗೆ ಇಪ್ಪತ್ತಾರು. ನಿನ್ನ ಗಂಡನಿಗೆ ಮೂರು. ಗಂಡಸರೆಲ್ಲ ಮುಂದಿನ ಕೋಣೇಲಿ ಕೂತು, ನಾನು ಎಲ್ಲಿರ್ಬೇಕು, ಮಗು ಎಲ್ಲಿ ಬೆಳೀಬೇಕು ಅಂತ ಮಾತಾಡಿ ಮುಗಿಸಿದ್ರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಿನಗೇನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಅವತ್ತಿಂದ ಬೇರೆಯವರು ಬಾಯಿ ತೆರೆಯೋಕೆ ಮುಂಚೆ ನಾನೇ ತೆರೀತೀನಿ."

"ನನ್ನನ್ನೂ ಯಾರೂ ಕೇಳಲಿಲ್ಲ ಅತ್ತೆ."

ಅತ್ತೆ ಹೆಜ್ಜೆ ನಿಲ್ಲಿಸಿ ಅವಳನ್ನು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ನಡೆದರು.

"ಮುಂದಿನ ಬುಧವಾರ ಬೇಗ ಹೊರಡೋಣ," ಅಂದರು. "ಆ ಕುರ್ಚೀಲಿ ನನ್ನ ಸೊಂಟ ಹೋಗುತ್ತೆ. ಗೋಡೆ ಪಕ್ಕದ್ದಾದ್ರೂ ಸಿಗಬೇಕು."

ಇಂಟರ್‌ವ್ಯೂ ದಿನ ಆಸ್ಪತ್ರೆಯ ಗೇಟಿನವರೆಗೆ ಜೊತೆಗೆ ಬಂದದ್ದು ಟಿಕೆಟ್ಟಿನವಳು. ಬೆಳಗಿನ ಆಟಕ್ಕೆ ಇನ್ನೊಬ್ಬರನ್ನು ಕೂರಿಸಿ ಬಂದಿದ್ದಳು. "ಜೋರು ಬೇಡ" ಎಂದಷ್ಟೇ ಹೇಳಿ ಬೆನ್ನು ತಟ್ಟಿದಳು.

ಅದೇ ಕೋಣೆ, ಅದೇ ಉದ್ದ ಮೇಜು, ಐವರಲ್ಲಿ ಮೂವರು ಹಳಬರು. ನಡುವೆ ಕೂತಿದ್ದ ಅಧಿಕಾರಿ ಅವಳನ್ನು ಗುರುತು ಹಿಡಿದು ಪಕ್ಕದವನ ಕಡೆ ನೋಡಿ ಮುಗುಳ್ನಕ್ಕ. ತಣ್ಣಕ್ಕ ಮೇಜಿನ ಮುಂದೆ ಬಂದು ನಿಂತಳು.

"ಹೋದ ಸಲ ನಾನು ಇಲ್ಲಿ ತಲೆ ಮೇಲೆ ಕೈಯಿಟ್ಕೊಂಡೆ. ನೀವು ನಕ್ಕಿರಿ," ಎಂದು ಶುರುಮಾಡಿದಳು. "ಲಾಂಡ್ರಿಲಿ ಅದಕ್ಕೆ ಮೆಷೀನು ನಿಲ್ಲಿಸು ಅಂತ ಅರ್ಥ. ಹೋದ ತಿಂಗಳು ಹೊಸ ಹುಡುಗಿಯೊಬ್ಬಳ ಕೈ ಬಿಸಿ ಉರುಳೆಗೆ ಸಿಕ್ಕಿತು. ನಾನು ತಲೆ ಮೇಲೆ ಕೈಯಿಟ್ಟೆ. ಸ್ವಿಚ್ಚಿನ ಹತ್ತಿರ ಇದ್ದವನೂ ಹೊಸಬ. ಅವನಿಗೆ ಅರ್ಥ ಆಗಲಿಲ್ಲ. ನಾನು ಓಡಿಹೋಗಿ ನಿಲ್ಲಿಸೋ ಹೊತ್ತಿಗೆ ಮೂರು ಬೆರಳು ಬೆಂದಿತ್ತು. ಈ ಸನ್ನೆಗಳನ್ನ ಹೊಸಬರಿಗೆ ಯಾರೂ ಕಲಿಸಲ್ಲ. ನಾನು ಮೊದಲನೇ ದಿನವೇ ಕಲಿಸ್ತೀನಿ."

ಯಾರೂ ನಗಲಿಲ್ಲ. ಅವಳು ವಾರ್ಡುಗಳಿಂದ ಬೆಡ್‌ಶೀಟಿನೊಳಗೆ ಸೂಜಿಗಳು ಬರುವುದನ್ನು ಹೇಳಿದಳು, ಒದ್ದೆ ಬಟ್ಟೆಯ ಗಾಡಿಗೆ ಇಷ್ಟೇ ತೂಕ ಅಂತ ಇರಬೇಕು ಎಂದಳು. ಅಧಿಕಾರಿ ಪೆನ್ನು ಮುಚ್ಚಿದ.

"ಸರಿಯಮ್ಮ, ಗೊತ್ತಾಯ್ತು. ನೀವು ಹೋಗಬಹುದು."

ತಣ್ಣಕ್ಕ ಗೋಡೆಯ ಗಡಿಯಾರ ನೋಡಿದಳು. "ಇನ್ನೂ ಒಂದೂವರೆ ನಿಮಿಷ ಇದೆ ಸಾರ್. ನಾನು ಮುಗಿಸಿಲ್ಲ."

ಅಧಿಕಾರಿ ಮತ್ತೆ ಪೆನ್ನು ತೆರೆದ. ಅವಳು ಮುಗಿಸಿಯೇ ಹೊರಗೆ ಬಂದಳು. ಗೇಟಿನ ಹತ್ತಿರ ಟಿಕೆಟ್ಟಿನವಳನ್ನು ಕಂಡೊಡನೆ ಅಳು ಬಂತು. ಇಬ್ಬರೂ ಒಂದೇ ಟೀ ಸಾಕಾಗದೆ ಎರಡು ಕುಡಿದರು.

ಒಂಬತ್ತು ದಿನ ಕಳೆದು, ತಣ್ಣಕ್ಕನಿಗೆ ವಾರದ ರಜೆಯಿದ್ದ ಬೆಳಗ್ಗೆ, ಅಡುಗೆಮನೆಯಲ್ಲಿ ಅವಳ ಫೋನು ಹೊಡೆದುಕೊಂಡಿತು. ಎತ್ತಿದವರು ಅತ್ತೆ. ಆ ಕಡೆಯಿಂದ ಮಾತಾಡಿದವನು ಆಸ್ಪತ್ರೆಯ ಗುಮಾಸ್ತ.

"ನಿಮ್ಮ ಸೊಸೆ ಸೂಪರ್‌ವೈಸರ್ ಆಗಿದಾರೆ ಅಮ್ಮ. ಸೋಮವಾರದಿಂದ ಸಂಜೆ ಪಾಳಿ, ವಾರವಿಡೀ. ಒಪ್ಪಿಗೆ ಈಗಲೇ ಬರ್ಕೊಬೇಕು. ಹೂಂ ಅಂತ ನೀವೇ ಹೇಳಿಬಿಡಿ, ಮನೆಯವರು ತಾನೇ?"

ಅತ್ತೆಯ ಬಾಯಿ ತೆರೆಯಿತು. ಆ 'ಹೂಂ' ನಾಲಿಗೆಯ ತುದಿಗೆ ಬಂದೂ ಆಗಿತ್ತು. ಅವರು ಅದನ್ನು ನುಂಗಿಕೊಂಡದ್ದನ್ನು ಮೊಮ್ಮಗಳು ಕಣ್ಣಾರೆ ನೋಡಿದಳು.

"ಅದನ್ನ ಅವಳೇ ಹೇಳ್ಬೇಕು. ತಾರಸಿ ಮೇಲೆ ಬಟ್ಟೆ ಒಣಗಿಹಾಕ್ತಿದಾಳೆ. ತಡೀರಿ."

"ಅಜ್ಜಿ, ಕೊಡು, ನಾನು ಓಡ್ತೀನಿ."

"ಬೇಡ, ನಾನೇ ಕೊಡ್ತೀನಿ." ನೋಯುವ ಮೊಣಕಾಲಿನಲ್ಲಿ ಮೂವತ್ತನಾಲ್ಕು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಫೋನು ಚಾಚಿದರು. ತಣ್ಣಕ್ಕ ಒದ್ದೆ ಕೈ ಒರೆಸಿಕೊಂಡು ಕಿವಿಗಿಟ್ಟಳು. ಗುಮಾಸ್ತ ಮತ್ತೆ ಎಲ್ಲ ಹೇಳಿದ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಸಂತೋಷಕ್ಕೆ ಅಷ್ಟೇ ಹೊತ್ತು ಕೊಟ್ಟಳು.

"ಕೆಲಸ ಒಪ್ಕೊಂಡಿದೀನಿ. ಸಂಜೆ ಪಾಳಿನೂ ಒಪ್ಪಿದೀನಿ. ಬುಧವಾರ ಮಾತ್ರ ಆಗಲ್ಲ, ಅವತ್ತು ಬೆಳಗಿನ ಪಾಳಿ ಹಾಕಿ."

"ಏನಮ್ಮ ಇದು? ಎಲ್ಲರೂ ಸಿಕ್ಕಿದ್ರೆ ಸಾಕು ಅಂತಾರೆ. ಬುಧವಾರ ಅಂಥದ್ದೇನಿದೆ?"

"ನನಗೂ ನಮ್ಮತ್ತೆಗೂ ಕೆಲಸ ಇದೆ."

"ಸಾಹೇಬ್ರನ್ನ ಕೇಳ್ಬೇಕಾಗುತ್ತೆ."

"ಕೇಳಿ. ನಾನು ಲೈನಲ್ಲೇ ಇರ್ತೀನಿ."

ಅತ್ತೆ ಮೇಲಿನ ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಬಹಳ ಹೊತ್ತಿನ ಮೇಲೆ ಗುಮಾಸ್ತನ ದನಿ ಮತ್ತೆ ಬಂತು.

"ಆಯ್ತಮ್ಮ, ಬುಧವಾರ ಬೆಳಗಿನ ಪಾಳಿ. ಬರ್ಕೊಂಡಿದೀನಿ."

"ಬರೆದದ್ದನ್ನ ಒಂದು ಸಲ ಓದಿ ಹೇಳಿ," ಅಂದಳು ತಣ್ಣಕ್ಕ.